ಏರ್‌ಬ್ಯಾಗ್‌ಗೆ ಅರ್ಧ ದುಡ್ಡು ಯಾಕೆ? ವಿಮಾ ಪ್ರಾಧಿಕಾರದ ಅಧ್ಯಕ್ಷರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್.

ನಮಸ್ಕಾರ.

ನಾನು ಉಡುಪಿಯವನು. ಹತ್ತೊಂಬತ್ತು ವರ್ಷ ಮಸ್ಕತ್‌ನಲ್ಲಿ ದುಡಿದು ಊರಿಗೆ ಬಂದವನು. ಬಂದ ಮೇಲೆ ಮನೆ ಕಟ್ಟಿದೆ, ಬ್ಯಾಂಕ್ ಸಾಲ ತೀರಿಸಿದೆ, ತಂಗಿಯ ಮದುವೆ ಮಾಡಿದೆ. ಅದೆಲ್ಲ ಮುಗಿದ ಮೇಲೆ ನನಗೋಸ್ಕರ ಒಂದು ವಸ್ತು ತೆಗೆದುಕೊಂಡೆ. ಎರಡು ಸೀಟಿನ, ಮಾಡು (ಛಾವಣಿ) ತೆರೆಯುವ ಜರ್ಮನ್ ಸ್ಪೋರ್ಟ್ಸ್ ಕಾರು. ಹೊಸದಲ್ಲ. ಬೆಂಗಳೂರಿನಲ್ಲಿ ಒಬ್ಬರು ಐದು ವರ್ಷ ಓಡಿಸಿದ್ದನ್ನು ಕೊಂಡು, ಶಿರಾಡಿ ಘಾಟಿ ಇಳಿಸಿ ತಂದೆ. ಈಗ ಅದಕ್ಕೆ ಏಳು ವರ್ಷ.

ಕಳೆದ ಮೇ ಕೊನೆಯ ವಾರ ಆ ಕಾರು ಅಪಘಾತಕ್ಕೆ ಸಿಕ್ಕಿತು. ನಾನೂ ಮಗಳೂ ಒಳಗಿದ್ದೆವು. ಇಬ್ಬರೂ ಉಳಿದೆವು. ಆಮೇಲೆ ರಿಪೇರಿ, ಇನ್ಶೂರೆನ್ಸ್ ಎಂದು ನಾಲ್ಕು ತಿಂಗಳು ಓಡಾಡಿದೆ. ಆಗ ನನ್ನ ಪಾಲಿಸಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಏರ್‌ಬ್ಯಾಗ್ ಬದಲಿಸಿದರೆ ಕಂಪನಿ ಕೊಡುವುದು ಅರ್ಧ ದುಡ್ಡು ಮಾತ್ರ. ಆ ಸಾಲಿನ ಬಗ್ಗೆ ನಿಮಗೆ ಹೇಳಬೇಕು. ಅದಕ್ಕಾಗಿಯೇ ಈ ಪತ್ರ.

ಓದುವ ಊರಿನವರಿಗೂ ಮೊದಲೇ ಒಂದು ಮಾತು. ‘ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನಿಗೆ ಎಂತ ಕಷ್ಟ ಮಾರಾಯ್ರೇ’ ಎಂದು ನನಗೆ ಹಲವರು ಹೇಳಿದ್ದಾರೆ. ನನ್ನ ಕಷ್ಟ ನಾನು ತಡೆದುಕೊಂಡೆ, ಅದು ಮುಗಿಯಿತು. ಆದರೆ ಆ ಸಾಲು ನನ್ನ ಕಾರಿಗೆ ಮಾತ್ರ ಬರೆದದ್ದಲ್ಲ. ನಿಮ್ಮ ಮನೆಯ ಅಂಗಳದಲ್ಲಿರುವ ಚಿಕ್ಕ ಕಾರಿನ ಪಾಲಿಸಿಯಲ್ಲೂ ಅದೇ ಇದೆ. ದಯವಿಟ್ಟು ಕೊನೆವರೆಗೆ ಓದಿ.

ಆ ದಿನ ಮಂಗಳೂರಿನಲ್ಲಿ ಮದುವೆ ಊಟ ಮುಗಿಸಿ ಹೊರಟಿದ್ದೆವು. ಹೆಂಡತಿ ತವರಿನವರ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಮಗಳು ಫಸ್ಟ್ ಪಿಯುಸಿ ಮುಗಿಸಿದವಳು, ನನ್ನ ಪಕ್ಕದಲ್ಲಿ ಕೂತಿದ್ದಳು. ಮುಡಿಯಲ್ಲಿ ಶಂಕರಪುರ ಮಲ್ಲಿಗೆ. ಮುಲ್ಕಿ ದಾಟುವಾಗಲೇ ಮಳೆ ಹಿಡಿದಿತ್ತು. ಕಾಪು ಕಳೆದು ಕಟಪಾಡಿ ಹತ್ತಿರ ಬರುವಾಗ ಎಡಗಡೆಯಿಂದ ಒಂದು ಪಿಕಪ್ ಹೆದ್ದಾರಿಗೆ ನುಗ್ಗಿತು. ಹಿಂದೆ ಖಾಲಿ ಮೀನಿನ ಬಾಕ್ಸ್. ನನ್ನ ವೇಗ ಅರುವತ್ತರ ಆಸುಪಾಸು ಇತ್ತು. ಬ್ರೇಕ್ ಹಾಕಿದೆ. ಹೊಸ ಮಳೆಯ ರಸ್ತೆ, ಕಾರು ಜಾರಿತು. ನನ್ನ ಕಾರಿನ ಮೂತಿ ಪಿಕಪ್‌ನ ಹಿಂಚಕ್ರಕ್ಕೆ ಹೋಗಿ ಬಡಿಯಿತು.

ಏರ್‌ಬ್ಯಾಗ್ ತೆರೆದದ್ದನ್ನು ನಾನು ನೋಡಲಿಲ್ಲ. ಯಾರೂ ನೋಡಲಾರರು. ಪೆಟ್ಟು ಬಿದ್ದ ಮೇಲೆ ಅದು ಉಬ್ಬಿ ನಿಲ್ಲಲು ಸೆಕೆಂಡಿನ ಸುಮಾರು ಮೂವತ್ತನೇ ಒಂದು ಪಾಲು ಸಾಕು. ನನಗೆ ಗೊತ್ತಾದದ್ದು ಶಬ್ದ, ಆಮೇಲೆ ವಾಸನೆ. ಪಟಾಕಿ ಸುಟ್ಟ ಹಾಗೆ. ಕಾರಿನೊಳಗೆಲ್ಲ ಬಿಳಿ ಹುಡಿ ಹಾರುತ್ತಿತ್ತು. ಮಗಳ ಕಡೆ ತಿರುಗಿದೆ. ಅವಳ ಮುಖ, ಕೂದಲು, ಮಲ್ಲಿಗೆ ಎಲ್ಲದರ ಮೇಲೆ ಆ ಹುಡಿ ಕೂತಿತ್ತು. ‘ಅಪ್ಪಾ, ನನಗೆ ಏನೂ ಆಗಿಲ್ಲ’ ಎಂದಳು. ಅವಳ ಮುಂಗೈಯಲ್ಲಿ ಚರ್ಮ ಸ್ವಲ್ಪ ತರಚಿತ್ತು. ಭುಜದ ಮೇಲೆ ಬೆಲ್ಟ್ ಹಿಡಿದ ಜಾಗ ಕೆಂಪು ಪಟ್ಟಿಯ ಹಾಗೆ ಬಾತಿತ್ತು. ಅಷ್ಟೇ. ಅವಳ ಮುಂದೆ ಜೋತು ಬಿದ್ದಿದ್ದ ಆ ಬಿಳಿ ಚೀಲವನ್ನು ಕೈಯಿಂದ ಸರಿಸಿ ಅವಳನ್ನು ಹೊರಗೆ ತಂದೆ. ತೆಳ್ಳಗಿನ ಬಟ್ಟೆ, ಮುಟ್ಟಿದರೆ ಕೊಡೆಯ ಬಟ್ಟೆ ಮುಟ್ಟಿದ ಹಾಗೆ.

ಪಿಕಪ್‌ನ ಹುಡುಗನಿಗೂ ಏನೂ ಆಗಿರಲಿಲ್ಲ. ಮಳೆಯಲ್ಲಿ ನಡುಗುತ್ತಾ ನಿಂತಿದ್ದ. ಅವನ ಮೇಲೆ ಸಿಟ್ಟು ಬರಲಿಲ್ಲ. ಠಾಣೆಗೆ ಹೋಗಿ ಬರೆಸಬೇಕಾದದ್ದು ಬರೆಸಿದೆವು. ಅವನ ಪಾಲಿಸಿಯ ಮೇಲೆ ಹೋಗುವುದೆಂದರೆ ಅಪಘಾತ ಪರಿಹಾರದ ಟ್ರಿಬ್ಯೂನಲ್, ವರ್ಷಗಟ್ಟಲೆ ಅಲೆದಾಟ. ನನ್ನ ಪಾಲಿಸಿಯಲ್ಲೇ ಕ್ಲೈಮ್ ಮಾಡುವುದು ಎಂದು ತೀರ್ಮಾನಿಸಿದೆ.

ಇನ್ಶೂರೆನ್ಸ್ ನನ್ನ ಹೆಸರಿಗೆ ಆಗಿತ್ತು, ಪುಣ್ಯ. ಹಳೆ ಕಾರು ಕೊಳ್ಳುವವರಲ್ಲಿ ಎಷ್ಟೋ ಜನ ಆರ್‌ಸಿ ಬದಲಿಸಿ ಸುಮ್ನೆ ಕೂರುತ್ತಾರೆ. ಕಾರು ಕೊಂಡ 14 ದಿನದೊಳಗೆ ಪಾಲಿಸಿಯನ್ನೂ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಮಾಡಿಸದಿದ್ದರೆ ಎದುರಿನವರಿಗೆ ಆದ ನಷ್ಟಕ್ಕೆ ರಕ್ಷಣೆ ಇರುತ್ತದೆ. ನಮ್ಮ ಕಾರಿನ ನಷ್ಟಕ್ಕೆ ಇರುವುದಿಲ್ಲ. ನನಗೆ ಇದನ್ನು ಹೇಳಿದ್ದು ಕಾರು ಮಾರಿದವರೇ. ಅವರಿಗೆ ನಾನು ಋಣಿ.

ಕಾರನ್ನು ಸಾಗಿಸುವುದೇ ಮೊದಲ ತಲೆನೋವು. ನೆಲದಿಂದ ಒಂದು ಗೇಣು ಎತ್ತರ ಇಲ್ಲದ ಕಾರು. ಕ್ರೇನ್‌ನವರು ಬಂದು ಮುಂದಿನಿಂದ ಕೊಕ್ಕೆ ಹಾಕಿ ಎತ್ತಲು ನೋಡಿದರು. ಹಾಗೆ ಎತ್ತಿದ್ದರೆ ಉಳಿದಿದ್ದ ಅರ್ಧ ಬಂಪರೂ ಕಿತ್ತು ಬರುತ್ತಿತ್ತು. ಬೇಡ ಎಂದು ಮಳೆಯಲ್ಲಿ ಮೂರು ಗಂಟೆ ಕಾದು, ಚಪ್ಪಟೆ ಹಾಸಿನ ಲಾರಿ ತರಿಸಿ ಮಂಗಳೂರಿನ ವರ್ಕ್‌ಶಾಪ್‌ಗೆ ಕಳಿಸಿದೆ. ಅದರ ಬಾಡಿಗೆ 7,000 ರೂಪಾಯಿ. ಪಾಲಿಸಿಯಲ್ಲಿ ಗಾಡಿ ಸಾಗಿಸಲು ಇರುವ ಮಿತಿ 1,500. ಇರಲಿ, ಅದು ದೊಡ್ಡ ವಿಷಯ ಅಲ್ಲ.

ಕ್ಲೈಮ್ ಕೆಲಸ ಚೆನ್ನಾಗಿಯೇ ನಡೆಯಿತು ಎಂದು ಹೇಳಲೇಬೇಕು. 2024ರ ಜೂನ್‌ನಲ್ಲಿ ನೀವು ಹೊರಡಿಸಿದ ಸುತ್ತೋಲೆಯನ್ನು ನಾನು ಓದಿದ್ದೇನೆ. ಕ್ಲೈಮ್ ತಿಳಿಸಿದ 24 ಗಂಟೆಯೊಳಗೆ ನಷ್ಟದ ಲೆಕ್ಕ ಹಾಕುವ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ಅವರ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ನನ್ನ ವಿಷಯದಲ್ಲಿ ಇದು ಹೆಚ್ಚುಕಡಿಮೆ ಹಾಗೆಯೇ ಆಯಿತು. ಸರ್ವೇಯರ್ ಮರುದಿನವೇ ಬಂದರು. ಸಜ್ಜನರು. ಕಾರಿನ ಕೆಳಗೆ ಮಲಗಿ ನೋಡಿದರು, ಫೋಟೋ ತೆಗೆದರು, ನನ್ನ ಡಿಎಲ್, ಆರ್‌ಸಿ ನೋಡಿದರು. ಹೇಗಾಯಿತು ಎಂದು ಸಮಾಧಾನವಾಗಿ ಕೇಳಿದರು. ಮಗಳು ಹೇಗಿದ್ದಾಳೆ ಎಂದೂ ಕೇಳಿದರು. ಬಿಡಿಭಾಗ ಜರ್ಮನಿಯಿಂದ ಬರಲು ಒಂಬತ್ತು ವಾರ ಹಿಡಿಯಿತು. ಅದು ನಿಮ್ಮ ಕೈಯಲ್ಲಿಲ್ಲ.

ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ.

ಎಸ್ಟಿಮೇಟ್ 13,80,000 ರೂಪಾಯಿ ಆಯಿತು. ಕಾರಿಗೆ ಪಾಲಿಸಿಯಲ್ಲಿ ಹಾಕಿದ ಬೆಲೆ 24 ಲಕ್ಷ. ರಿಪೇರಿ ಖರ್ಚು ಆ ಬೆಲೆಯ 75 ಶೇಕಡಾ ದಾಟಿದರೆ ಕಾರು ಪೂರ್ತಿ ಹೋಯಿತು ಎಂದು ಲೆಕ್ಕ ಮುಗಿಸುತ್ತಾರೆ. ನನ್ನದು 18 ಲಕ್ಷದ ಒಳಗೇ ಇತ್ತು, ಹಾಗಾಗಿ ರಿಪೇರಿ. ಸರ್ವೇಯರ್ ತಮ್ಮ ಲೆಕ್ಕ ಹಾಕಿ ಹಾಳೆ ನನ್ನ ಮುಂದಿಟ್ಟರು. ಕಂಪನಿ ಕೊಡುವುದು 8,93,000. ನಾನು ಹಾಕಬೇಕಾದದ್ದು 4,87,000.

ನಾನು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿದೆ. ಅವರೂ ಬೇಸರ ಮಾಡದೆ ಹೇಳಿದರು. ಬಾನೆಟ್ ಮತ್ತು ಮುಂದಿನ ರೆಕ್ಕೆ ಅಲ್ಯೂಮಿನಿಯಂ, ಅಂದರೆ ಲೋಹ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಸವಕಳಿ, ಅಂದರೆ ಹಳೆಯದಾದ ಲೆಕ್ಕದಲ್ಲಿ ಇಳಿದ ಬೆಲೆ, ಕಳೆಯುತ್ತಾರೆ. ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ಏರುತ್ತಾ ಹೋಗಿ ಐದು ವರ್ಷ ದಾಟಿದರೆ 40 ಶೇಕಡಾ, ಹತ್ತು ದಾಟಿದರೆ 50. ನನ್ನದು 40. ಒಪ್ಪಿದೆ. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ನೈಲಾನ್‌ಗೆ ಕಾರಿನ ವಯಸ್ಸು ಎಷ್ಟೇ ಇರಲಿ, 50 ಶೇಕಡಾ ಕಡಿತ. ಅದನ್ನೂ ಒಪ್ಪಿದೆ. ಪೇಂಟ್‌ನಲ್ಲಿ ಸಾಮಗ್ರಿಯ ಪಾಲಿಗೆ ಮಾತ್ರ ಅರ್ಧ. ಕೂಲಿಗೆ ಕಡಿತ ಇಲ್ಲ. ನನ್ನ ಕಾರು 1,500 ಸಿಸಿಗಿಂತ ಜಾಸ್ತಿ, ಹಾಗಾಗಿ ಕಡ್ಡಾಯವಾಗಿ ನಾನು ಹಾಕಬೇಕಾದದ್ದು 2,000. ಇದೆಲ್ಲ ಸರಿಯೇ. ಹಳೆ ವಸ್ತುವಿಗೆ ಹೊಸದರ ದುಡ್ಡು ಕೊಟ್ಟರೆ ಅಪಘಾತವೇ ಲಾಭ ಆಗಿಬಿಡುತ್ತದೆ. ಆ ತತ್ವ ನನಗೆ ಅರ್ಥವಾಗುತ್ತದೆ.

ಆಮೇಲೆ ಎರಡು ಸಾಲು ಬಂದವು. ಪಕ್ಕಪಕ್ಕದಲ್ಲಿಯೇ ಇದ್ದವು.

ಒಂದು, ಮುಂದಿನ ಗಾಜು. ಮಗಳ ಕಡೆಯ ಏರ್‌ಬ್ಯಾಗ್ ಮೇಲಕ್ಕೆ ಉಬ್ಬಿದಾಗ ಗಾಜಿಗೆ ತಾಗಿ ಅದು ಒಡೆದಿತ್ತು. ಗಾಜಿನ ಬೆಲೆ 60,000. ಗಾಜಿಗೆ ಸವಕಳಿ ಇಲ್ಲ. ಕಂಪನಿ ಪೂರ್ತಿ ಕೊಡುತ್ತದೆ.

ಇನ್ನೊಂದು, ಆ ಗಾಜು ಒಡೆದ ಏರ್‌ಬ್ಯಾಗ್. ನನ್ನದು, ಅವಳದು ಸೇರಿ 2,50,000. ಕಡಿತ 50 ಶೇಕಡಾ. ನನ್ನ ಪಾಲು 1,25,000. ಬೆಲ್ಟ್ ಎರಡಕ್ಕೆ 90,000. ಅದು ನೈಲಾನ್ ಲೆಕ್ಕಕ್ಕೆ ಬಂತು, ನನ್ನ ಪಾಲು 45,000.

ನಾನು ಸುಮಾರು ಹೊತ್ತು ಆ ಎರಡು ಸಾಲನ್ನೇ ನೋಡುತ್ತಾ ಕೂತೆ. ಒಡೆದ ಗಾಜಿಗೆ ಪೂರ್ತಿ ದುಡ್ಡು. ಮಗಳ ತಲೆ ಆ ಗಾಜಿಗೆ ಹೋಗಿ ಬಡಿಯದ ಹಾಗೆ ತಡೆದ ಚೀಲಕ್ಕೆ ಅರ್ಧ.

‘ಇದು ಯಾಕೆ ಹೀಗೆ ಸರ್?’ ಎಂದು ಕೇಳಿದೆ.

‘ಪಟ್ಟಿಯಲ್ಲಿ ಹಾಗೆ ಉಂಟು. ಟಯರ್, ಟ್ಯೂಬ್, ಬ್ಯಾಟರಿ, ಏರ್‌ಬ್ಯಾಗ್, ನಾಲ್ಕೂ ಒಂದೇ ಸಾಲಿನಲ್ಲಿ. ನಾನು ಹಾಗೆಯೇ ಬರೀಬೇಕು’ ಎಂದರು. ಅವರ ತಪ್ಪಲ್ಲ.

ಅಧ್ಯಕ್ಷರೇ, ನನ್ನ ದೂರು ಇಷ್ಟೇ. ಏರ್‌ಬ್ಯಾಗ್ ಅನ್ನು ಟಯರ್ ಮತ್ತು ಬ್ಯಾಟರಿಯ ಸಾಲಿನಿಂದ ತೆಗೆಯಿರಿ.

ಟಯರ್ ಸವೆಯುತ್ತದೆ. ನಾನು ಮಲ್ಪೆಗೆ ಹೋಗಿ ಬಂದರೂ ಸವೆಯುತ್ತದೆ. ಬ್ಯಾಟರಿ ನಾಲ್ಕು ವರ್ಷಕ್ಕೆ ಸೋಲುತ್ತದೆ. ಅರ್ಧ ಸವೆದ ಟಯರ್ ಬದಲು ಹೊಸದು ಸಿಕ್ಕಿದರೆ ನನಗೆ ಅರ್ಧ ಟಯರ್ ಲಾಭ, ಅದನ್ನು ನಾನೇ ಕೊಡಬೇಕು, ನ್ಯಾಯ. ಆದರೆ ಏರ್‌ಬ್ಯಾಗ್ ಏಳು ವರ್ಷ ಮಡಚಿಟ್ಟ ಜಾಗದಲ್ಲೇ ಇತ್ತು. ಒಂದು ಸಲವೂ ಬಳಕೆ ಆಗಲಿಲ್ಲ. ಬಳಕೆ ಆದದ್ದು ಒಂದೇ ಸಲ, ಪೂರ್ತಿಯಾಗಿ. ಹೊಸ ಏರ್‌ಬ್ಯಾಗ್ ಮಾಡುವ ಕೆಲಸವನ್ನೇ ಅದು ಮಾಡಿತು. ಅಂದ ಮೇಲೆ ಹೊಸ ಏರ್‌ಬ್ಯಾಗ್ ಹಾಕಿಸಿದರೆ ನನಗೆ ಏನು ಲಾಭ ಆಯಿತು? ಅಪಘಾತದ ಹಿಂದಿನ ದಿನ ನನ್ನ ಕಾರಿನಲ್ಲಿ ಕೆಲಸ ಮಾಡುವ ಎರಡು ಏರ್‌ಬ್ಯಾಗ್ ಇದ್ದವು. ರಿಪೇರಿ ಆದ ಮೇಲೆಯೂ ಎರಡೇ. ಬೆಲ್ಟ್ ಕೂಡ ಹಾಗೆಯೇ. ಡಿಕ್ಕಿ ಆದ ಕೂಡಲೇ ಬೆಲ್ಟನ್ನು ಎಳೆದು ಹಿಡಿಯುವ ಚಿಕ್ಕ ಸಿಡಿಮದ್ದಿನ ಭಾಗ ಅದರಲ್ಲಿದೆ. ಅದೂ ಒಂದೇ ಸಲದ್ದು.

ಈ ಪಟ್ಟಿ ಎಲ್ಲಿಂದ ಬಂತು ಎಂದು ಹುಡುಕಿದೆ. 2002ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ಟ್ಯಾರಿಫ್‌ನಲ್ಲಿ, ಅಂದರೆ ವಾಹನ ವಿಮೆಯ ದರ ಮತ್ತು ನಿಯಮಗಳ ಪುಸ್ತಕದಲ್ಲಿ, ಇದು ಇದೆ. 2007ರಲ್ಲಿ ಟ್ಯಾರಿಫ್ ದರಗಳು ಹೋದವು, ನಮ್ಮ ಕಾರಿಗೆ ಆಗುವ ನಷ್ಟದ ವಿಮೆಗೆ ಕಂಪನಿಗಳೇ ಪ್ರೀಮಿಯಂ ನಿಗದಿ ಮಾಡುವ ಹಾಗಾಯಿತು. ಆದರೆ ಸವಕಳಿಯ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ನನ್ನ ಪಾಲಿಸಿಯಲ್ಲಿ ಇರುವುದು ಅದೇ ಅಕ್ಷರಗಳು. 2002ರಲ್ಲಿ ನಮ್ಮೂರಿನಲ್ಲಿ ಏರ್‌ಬ್ಯಾಗ್ ಇರುವ ಕಾರು ಎಷ್ಟಿದ್ದವು? ನಾನು ಗಲ್ಫಿಗೆ ಹೋಗುವ ಕಾಲಕ್ಕೆ ಉಡುಪಿಯಲ್ಲಿ ಅದನ್ನು ಕಂಡದ್ದೇ ಇಲ್ಲ. ದೊಡ್ಡವರ ಕಾರಿನ ಶೋಕಿ ಎಂದು ಆಗ ಯಾರಾದರೂ ಅಂದುಕೊಂಡಿದ್ದರೆ ಅದು ಅರ್ಥವಾಗುವ ಮಾತು.

ಈಗ ಹಾಗಲ್ಲ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. 2021ರಿಂದ ಪಕ್ಕದ ಸೀಟಿಗೂ ಕಡ್ಡಾಯ. 2023ರ ಅಕ್ಟೋಬರ್‌ನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುತ್ತಿದೆ. ಇದೆಲ್ಲ ಒಳ್ಳೆ ಕೆಲಸ. ಸರ್ಕಾರ ಒಂದು ಕೈಯಲ್ಲಿ ‘ಏರ್‌ಬ್ಯಾಗ್ ಇಲ್ಲದ ಕಾರು ಮಾರಬೇಡಿ’ ಎನ್ನುತ್ತಿದೆ. ಅದೇ ಏರ್‌ಬ್ಯಾಗ್ ಒಂದು ಸಲ ತೆರೆದ ಮೇಲೆ ಪುನಃ ಹಾಕಿಸಲು ಹೋದವನಿಗೆ ನಿಮ್ಮ ಪಟ್ಟಿ ‘ಅರ್ಧ ನೀನೇ ಹಾಕು’ ಎನ್ನುತ್ತಿದೆ. ಹಾಕಲು ದುಡ್ಡಿಲ್ಲದವನು ಏನು ಮಾಡುತ್ತಾನೆ?

ಏನು ಮಾಡುತ್ತಾನೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಈ ಪತ್ರ ಬರೆಯಲು ದೊಡ್ಡ ಕಾರಣ ಅದೇ.

4,87,000 ಎಂದು ಕೇಳಿ ನಾನು ಕಂಗಾಲಾಗಿದ್ದೆ. ಕೈಯಲ್ಲಿ ಅಷ್ಟು ಇರಲಿಲ್ಲ. ಆಗ ಸ್ನೇಹಿತರೊಬ್ಬರು ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿನ ಎಲೆಕ್ಟ್ರಿಷಿಯನ್ ನನ್ನ ಎಸ್ಟಿಮೇಟ್ ಹಾಳೆ ನೋಡಿದ. ಏರ್‌ಬ್ಯಾಗ್ ಸಾಲಿಗೆ ಪೆನ್ನಿನಿಂದ ತಟ್ಟಿ, ‘ಅಣ್ಣ, ಇದು ತೆಗೆಸಿಬಿಡಿ. ಡ್ಯಾಶ್‌ಬೋರ್ಡ್ ಹೊಲಿಸಿ ಪಾಲಿಶ್ ಮಾಡಿಸುವಾ. ಲೈಟ್ ನಾನು ಆಫ್ ಮಾಡಿ ಕೊಡ್ತೇನೆ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ’ ಎಂದ.

ಹೇಗೆ ಎಂದು ಕೇಳಿದೆ. ಡ್ರಾಯರ್ ಎಳೆದು ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟ. ಒಂದು ರೆಸಿಸ್ಟರ್, ಕರೆಂಟಿಗೆ ತಡೆ ಒಡ್ಡುವ ಚಿಕ್ಕ ಭಾಗ. ಭತ್ತದ ಕಾಳಿನಷ್ಟು ಉದ್ದ, ಎರಡು ಕಡೆ ತಂತಿ, ಮೈಮೇಲೆ ಬಣ್ಣದ ಗೆರೆ. ಇದನ್ನು ಏರ್‌ಬ್ಯಾಗ್‌ನ ಜಾಗದಲ್ಲಿ ಸೇರಿಸಿದರೆ ಕಾರಿನ ಕಂಪ್ಯೂಟರ್ ಏರ್‌ಬ್ಯಾಗ್ ಇದೆ ಎಂದು ನಂಬುತ್ತದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್‌ನ ಎಚ್ಚರಿಕೆ ಲೈಟ್ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರುತ್ತದೆ. ಎಲ್ಲ ಸರಿ ಇದೆ ಎಂದು ಅರ್ಥ. ಒಳಗೆ ಏನೂ ಇಲ್ಲ.

ಆ ಹುಡುಗ ಕೆಟ್ಟವನಲ್ಲ. ‘ನಿಮ್ಮ ಹಾಗಿನವರು ಅಪರೂಪ. ಬರುವುದೆಲ್ಲ ಸಣ್ಣ ಕಾರಿನವರು. ಕಾರಿನ ಬೆಲೆಯೇ ಎರಡು ಲಕ್ಷ, ಏರ್‌ಬ್ಯಾಗ್‌ಗೆ ಅವರು ಎಲ್ಲಿಂದ ತರುವುದು?’ ಎಂದ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಎರಡು ದಿನ ನಿದ್ದೆ ಬರಲಿಲ್ಲ. 1,70,000 ಉಳಿಯುತ್ತದೆ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಮೂರನೇ ದಿನ ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಟಾಗ ಅವಳ ಮುಂಗೈಯ ಗಾಯದ ಕಲೆ ಕಂಡಿತು. ಸೊಸೈಟಿಗೆ ಹೋಗಿ ಚಿನ್ನ ಇಟ್ಟು ಸಾಲ ತೆಗೆದೆ. ಎರಡೂ ಏರ್‌ಬ್ಯಾಗ್, ಎರಡೂ ಬೆಲ್ಟ್ ಹೊಸದೇ ಹಾಕಿಸಿದೆ. ಡಬ್ಬ ಒಡೆಯುವಾಗ ನಾನೇ ಎದುರು ನಿಂತಿದ್ದೆ.

ನನ್ನಲ್ಲಿ ಇಡಲು ಚಿನ್ನ ಇತ್ತು. ಇಲ್ಲದವರ ಕಾರು ಆ ರೆಸಿಸ್ಟರ್ ಹಾಕಿಕೊಂಡು ಇವತ್ತೂ ನಂತೂರು, ಪಂಪ್‌ವೆಲ್, ಕರಾವಳಿ ಬೈಪಾಸ್‌ನಲ್ಲಿ ಓಡುತ್ತಿದೆ. ನಾಳೆ ಅದು ಮಾರಾಟಕ್ಕೆ ಬರುತ್ತದೆ. ಮಗನಿಗೆ ಕೆಲಸ ಸಿಕ್ಕಿತು ಎಂದು ಯಾರೋ ಒಬ್ಬ ಅಪ್ಪ ಖುಷಿಯಿಂದ ಅದನ್ನೇ ಕೊಳ್ಳುತ್ತಾನೆ. ‘ಎರಡು ಏರ್‌ಬ್ಯಾಗ್ ಉಂಟು’ ಎಂದು ಅವನಿಗೆ ಹೇಳಿರುತ್ತಾರೆ. ಆರ್‌ಸಿ ನೋಡಿದರೂ, ಮೊಬೈಲಿನಲ್ಲಿ ನಂಬರ್ ಹಾಕಿ ನೋಡಿದರೂ ಮಾಲೀಕ ಯಾರು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂದು ಮಾತ್ರ ಗೊತ್ತಾಗುತ್ತದೆ. ಈ ಕಾರು ಹಿಂದೆ ಗುದ್ದಿಕೊಂಡಿತ್ತು, ಏರ್‌ಬ್ಯಾಗ್ ತೆರೆದಿತ್ತು ಎಂದು ಎಲ್ಲಿಯೂ ಕಾಣಿಸುವುದಿಲ್ಲ.

‘ಬಂಪರ್ ಟು ಬಂಪರ್ ತಗೊಳ್ಳಬೇಕಿತ್ತು ನೀವು’ ಎಂದು ಹೇಳುವವರಿದ್ದಾರೆ. ಸವಕಳಿ ಕಳೆಯದ ಆ ಪಾಲಿಸಿಯನ್ನು ನಾನು ಕೇಳಿದ್ದೆ. ಕಾರಿಗೆ ಐದು ವರ್ಷ ದಾಟಿದೆ, ಕೊಡುವುದಿಲ್ಲ ಎಂದರು. ಹೊಸ ಕಾರಿಗೆ ಎಲ್ಲರೂ ಕರೆದು ಕೊಡುತ್ತಾರೆ. ಕಾರು ಹಳೆಯದಾಗಿ, ಕಡಿಮೆ ದುಡ್ಡಿನವರ ಕೈಗೆ ಬರುವ ಹೊತ್ತಿಗೆ ಅದು ಸಿಗುವುದು ಕಷ್ಟ. ಸಿಕ್ಕಿದರೂ ಬೆಲೆ ಜಾಸ್ತಿ. ಜೀವ ಉಳಿಸುವ ಭಾಗವನ್ನು ಬೇಕಾದವರು ಹೆಚ್ಚು ದುಡ್ಡು ಕೊಟ್ಟು ತೆಗೆದುಕೊಳ್ಳುವ ಸವಲತ್ತು ಮಾಡಬಾರದು. ಅದು ಮೂಲ ಪಾಲಿಸಿಯಲ್ಲೇ ಇರಬೇಕು.

ವಿಮೆಯ ದೂರು ಕೇಳುವ ಅಧಿಕಾರಿ ಒಂಬುಡ್ಸ್‌ಮನ್ ಬಳಿ ಹೋಗಿ ಎಂದೂ ಹೇಳಿದರು. ಬೆಂಗಳೂರಿನಲ್ಲಿ ಕಚೇರಿ ಇದೆ, ಖರ್ಚಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಒಳ್ಳೆ ವ್ಯವಸ್ಥೆ. ಆದರೆ ನಾನು ಅಲ್ಲಿ ಏನೆಂದು ದೂರಲಿ? ಕಂಪನಿ ಪಾಲಿಸಿ ಮೀರಿಲ್ಲ. ಸರ್ವೇಯರ್ ತಪ್ಪು ಬರೆದಿಲ್ಲ. ತಪ್ಪಿರುವುದು ಪಟ್ಟಿಯಲ್ಲಿ. ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಹೀಗಿದೆ. ಏರ್‌ಬ್ಯಾಗ್, ಅದನ್ನು ತೆರೆಸುವ ಕಂಟ್ರೋಲ್ ಯೂನಿಟ್, ಸೆನ್ಸರ್ ಮತ್ತು ಸೀಟ್ ಬೆಲ್ಟ್, ಇವಕ್ಕೆ ಕಾರಿನ ವಯಸ್ಸು ಎಷ್ಟೇ ಇರಲಿ, ಸವಕಳಿ ಕಳೆಯಬಾರದು ಎಂದು ಎಲ್ಲ ಕಂಪನಿಗಳಿಗೂ ಹೇಳಿ. ಇದಕ್ಕಾಗಿ ಪ್ರೀಮಿಯಂ ಸ್ವಲ್ಪ ಏರಿದರೆ ಏರಲಿ. ಎಲ್ಲರ ಮೇಲೆ ಹಂಚಿಹೋದರೆ ಅದು ಯಾರಿಗೂ ಭಾರ ಆಗುವುದಿಲ್ಲ ಎಂದು ನನ್ನ ನಂಬಿಕೆ.

ಪೂರ್ತಿ ಕೊಡುವಾಗ ಪೂರ್ತಿ ನೋಡಿಯೂ ಕೊಡಿ. ರಿಪೇರಿ ಮುಗಿದ ಮೇಲೆ ಸರ್ವೇಯರ್ ಮತ್ತೆ ಬಂದು ನೋಡುವ ಪದ್ಧತಿ ಈಗಲೂ ಇದೆ. ನನ್ನ ಕಾರಿಗೆ ಬಂದಾಗ ಹೊರಗಿನ ಬಂಪರ್, ಬಾನೆಟ್ ನೋಡಿ ಫೋಟೋ ತೆಗೆದರು, ಹೋದರು. ಸ್ಟೀರಿಂಗ್ ಒಳಗೆ ಏನಿದೆ ಎಂದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಏರ್‌ಬ್ಯಾಗ್ ಕೂರಿಸುವ ಮೊದಲೇ ಅದರ ಸೀರಿಯಲ್ ನಂಬರ್ ಫೋಟೋ ತೆಗೆದು ಕ್ಲೈಮ್ ಕಾಗದಕ್ಕೆ ಸೇರಿಸಬೇಕು. ಅದಿಲ್ಲದೆ ಬಿಲ್ ಪಾಸ್ ಆಗಬಾರದು. ತೆರೆದುಹೋದ ಹಳೆಯದನ್ನು ಕಂಪನಿಯೇ ತೆಗೆದುಕೊಂಡು ನಾಶ ಮಾಡಬೇಕು.

ಮತ್ತೆ, ಹಳೆ ಕಾರು ಕೊಳ್ಳುವವರಿಗೆ ವಿಷಯ ಗೊತ್ತಾಗಬೇಕು. ನಿಮ್ಮ ಹೈದರಾಬಾದಿನಲ್ಲೇ 2009ರಲ್ಲಿ ಶುರುವಾದ ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋ ಇದೆ. ಕಂಪನಿಗಳ ಮೋಟಾರು ಕ್ಲೈಮ್‌ಗಳ ಮಾಹಿತಿ ಅಲ್ಲಿಗೆ ಹೋಗುತ್ತದೆ. ಆ ಮಾಹಿತಿಯಿಂದ ಒಂದೇ ಒಂದು ಸಾಲು ನಮಗೆ ತೆರೆದಿಡಿ. ಕಾರಿನ ನಂಬರ್ ಹಾಕಿದರೆ ‘ಈ ಕಾರಿನ ಏರ್‌ಬ್ಯಾಗ್ ಇಂಥ ವರ್ಷ ತೆರೆದಿತ್ತು, ಬದಲಿಸಲಾಗಿದೆ’ ಅಥವಾ ‘ಬದಲಿಸಿದ ದಾಖಲೆ ಇಲ್ಲ’ ಎಂದು ಬರಲಿ. ಮಾಲೀಕನ ಹೆಸರು ಬೇಡ, ದುಡ್ಡಿನ ಲೆಕ್ಕ ಬೇಡ.

ಹೆಡ್‌ಲೈಟ್ ಬಗ್ಗೆಯೂ ಒಂದು ಮಾತು. ಪಟ್ಟಿ ಬರೆದ ಕಾಲಕ್ಕೆ ಗಾಜಿನ ಹೆಡ್‌ಲೈಟ್ ಸಾಮಾನ್ಯವಾಗಿತ್ತು. ಈಗ ಎಲ್ಲ ಕಾರಿನದೂ ಪ್ಲಾಸ್ಟಿಕ್. ನನ್ನ ಕಾರಿನ ಒಂದು ಹೆಡ್‌ಲೈಟ್‌ಗೆ 2,40,000. ಅದರಲ್ಲಿ 1,20,000 ನನ್ನ ಪಾಲಿಗೆ ಬಂತು, ಅದು ಪ್ಲಾಸ್ಟಿಕ್ ಎಂಬ ಒಂದೇ ಕಾರಣಕ್ಕೆ. ಪಟ್ಟಿ ತಿದ್ದುವಾಗ ಇದನ್ನೂ ನೋಡಿ. ಆದರೆ ಏರ್‌ಬ್ಯಾಗ್ ಮೊದಲು. ಹೆಡ್‌ಲೈಟ್ ಕಾಯಬಹುದು.

ಇನ್ನು ನಮ್ಮ ಕರಾವಳಿಯವರಿಗೆ. ನಿಯಮ ಬದಲಾಗುವ ತನಕ ನೀವೇ ಜಾಗ್ರತೆ ಮಾಡಬೇಕು. ಪಾಲಿಸಿ ಕೈಗೆ ಬಂದ ದಿನವೇ ಸವಕಳಿಯ ಪಟ್ಟಿ ಇರುವ ಪುಟ ಹುಡುಕಿ ಓದಿ. ಸರ್ವೇ ವರದಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು. ಹಳೆ ಕಾರು ನೋಡಲು ಹೋದಾಗ ಕೀ ತಿರುಗಿಸಿ ಏರ್‌ಬ್ಯಾಗ್ ಲೈಟ್ ಹೊತ್ತಿ ಆರುತ್ತದಾ ನೋಡಿ. ಹೊತ್ತದೇ ಇದ್ದರೆ ಆ ಕಾರು ಬೇಡ. ಹೊತ್ತಿ ಆರಿದರೂ ಅಷ್ಟಕ್ಕೇ ನಂಬಬೇಡಿ. ಯಾಕೆ ಎಂದು ಮೇಲೆ ಹೇಳಿದ್ದೇನೆ. ಸ್ಟೀರಿಂಗ್ ಮಧ್ಯದ ಮುಚ್ಚಳದ ಬಣ್ಣ ಸುತ್ತಲಿನದಕ್ಕೆ ಹೊಂದುತ್ತದಾ, ಎಡಗಡೆ ಡ್ಯಾಶ್‌ಬೋರ್ಡಿನಲ್ಲಿ ಹೊಲಿಗೆ, ಅಂಟು, ಉಬ್ಬು ಇದೆಯಾ ಎಂದು ಹಗಲಿನ ಬೆಳಕಿನಲ್ಲಿ ಕೈಯಾಡಿಸಿ ನೋಡಿ. ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಬಟ್ಟೆಯ ಚೀಟಿ ಇರುತ್ತದೆ, ಅದರಲ್ಲಿ ತಯಾರಾದ ತಾರೀಕು ಇರುತ್ತದೆ. ಆ ವರ್ಷ ಕಾರಿನ ವರ್ಷಕ್ಕಿಂತ ಈಚಿನದಾಗಿದ್ದರೆ ಬೆಲ್ಟ್ ಬದಲಾಗಿದೆ ಎಂದು ಅರ್ಥ. ಯಾಕೆ ಬದಲಾಯಿತು ಎಂದು ಕೇಳಿ. ಬಿಲ್ ತೋರಿಸಿದರೆ ಒಳ್ಳೆಯದು, ಆ ಕಾರಿಗೆ ಬೇಕಾದ ಕೆಲಸ ಆಗಿದೆ. ತೋರಿಸದಿದ್ದರೆ ಬಿಟ್ಟು ಬನ್ನಿ.

ಗ್ಯಾರೇಜಿನ ಅಣ್ಣಂದಿರಿಗೂ ಕೈಮುಗಿದು ಕೇಳುತ್ತೇನೆ. ಗಿರಾಕಿ ಎಷ್ಟೇ ಒತ್ತಾಯ ಮಾಡಲಿ, ಆ ರೆಸಿಸ್ಟರ್ ಹಾಕಬೇಡಿ. ದುಡ್ಡಿಲ್ಲದಿದ್ದರೆ ಲೈಟ್ ಉರಿಯುತ್ತಾ ಇರಲಿ. ಓಡಿಸುವವನಿಗೆ ತನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ ಎಂದಾದರೂ ಗೊತ್ತಿರುತ್ತದೆ, ಅಲ್ವಾ? ಅವನಿಂದ ಕೊಳ್ಳುವವನಿಗೂ ಗೊತ್ತಾಗುತ್ತದೆ.

ಅಧ್ಯಕ್ಷರೇ, ಕಾರು ಈಗ ಮನೆಯಲ್ಲಿದೆ. ಸೊಸೈಟಿಯ ಕಂತು ಇನ್ನೂ ಹದಿನೆಂಟು ತಿಂಗಳು ಇದೆ. ಈ ಪತ್ರದ ಜೊತೆ ನನ್ನ ಪಾಲಿಸಿ, ಸರ್ವೇ ವರದಿ ಮತ್ತು ವರ್ಕ್‌ಶಾಪ್ ಬಿಲ್‌ನ ಪ್ರತಿಗಳನ್ನು ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ಟಯರ್, ಟ್ಯೂಬ್, ಬ್ಯಾಟರಿ, ಏರ್‌ಬ್ಯಾಗ್ ಎಂದು ಇರುವ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇತಿ,
ಉಡುಪಿಯ ಒಬ್ಬ ಕಾರು ಮಾಲೀಕ